ಪಕ್ಕದ ಮನೆಯ ಡಾಕ್ಟ್ರು

ನನ್ನ ಮಗಳು ಶಹಲಾ ಡಾಕ್ಟರಲ್ಲ. ಡಾಕ್ಟರಿಕೆಗೆ ಸೇರುವ ಮೊದಲು ಓದಬೇಕಾದ ಪ್ರಿಮೆಡ್‌ನಲ್ಲಿದ್ದಳು, ಇಲ್ಲೇ ಕುವೈತಿನ ಒಂದು ಖಾಸಗಿ ಕಾಲೇಜಿನಲ್ಲಿ. ಎಲ್ಲ ವಿಷಯದಲ್ಲೂ ಮೇಲಿನ ಗ್ರೇಡ್ ಬಂದರೆ ಮಾತ್ರ ಮುಂದೆ ಮೆಡಿಸಿನ್. ಒಂದರಲ್ಲಿ ಜಾರಿದರೂ ಆ ಬಾಗಿಲು ಮುಚ್ಚಿತು, ಮತ್ತೆ ಬರೆಯಲು ಬಿಡುವುದಿಲ್ಲ. ಮಹಬೂಲಾದ ನಮ್ಮ ಕಟ್ಟಡದವರಿಗೆ ಇದನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ. ಅವಳ ಲ್ಯಾಬ್ ಕೋಟನ್ನು ನಾನು ಬಾಲ್ಕನಿಯಲ್ಲಿ ಒಣಹಾಕಿದ ದಿನದಿಂದಲೇ ಅವರಿಗೆ ಅವಳು ಡಾಕ್ಟ್ರು.

ಒಬ್ಬರು ಸಕ್ಕರೆ ಕಾಯಿಲೆಯ ರಿಪೋರ್ಟು ತರುತ್ತಿದ್ದರು, ಇನ್ನೊಬ್ಬರು ಊರಿನಿಂದ ತರಿಸಿದ ಮಾತ್ರೆ. ಪಕ್ಕದ ಮನೆಯ ಜೈನಬಕ್ಕ ಕೆಮ್ಮುತ್ತಲೇ ಬಂದು ಕೂರುತ್ತಿದ್ದರು.

"ಆಂಟಿ, ನಾನು ಇನ್ನೂ ಒಂದು ಕಪ್ಪೆಯನ್ನೂ ನೆಟ್ಟಗೆ ಕೊಯ್ದಿಲ್ಲ" ಎನ್ನುತ್ತಿದ್ದಳು ಶಹಲಾ.

"ಕಪ್ಪೆಗೆ ಕೆಮ್ಮು ಬರುದಿಲ್ಲ ಮಗಳೇ, ನನಗೆ ಬರ್ತದೆ. ಸ್ವಲ್ಪ ನೋಡು."

ಆರ್ಗ್ಯಾನಿಕ್ ಕೆಮಿಸ್ಟ್ರಿಯ ಕೊನೆಯ ಪರೀಕ್ಷೆಯ ಬೆಳಿಗ್ಗೆ ಶಹಲಾ ಬ್ಯಾಗು ಹೆಗಲಿಗೆ ಹಾಕಿ, ನಿಂತುಕೊಂಡೇ ರೊಟ್ಟಿ ತಿನ್ನುತ್ತಿದ್ದಳು. ಬಾಗಿಲು ದಡದಡ ಬಡಿದ ಸದ್ದು. ಜೈನಬಕ್ಕ.

"ಡಾಕ್ಟ್ರು ಹೊರಟಿಲ್ಲ ಅಲ್ವಾ? ಇವರಿಗೆ ಎದೆನೋವು, ಬೆಳಗಿನ ಜಾವ ಸುಬಹಿ ನಮಾಜಿನ ಹೊತ್ತಿಂದ."

"ಆಂಬುಲೆನ್ಸಿಗೆ ಫೋನ್ ಮಾಡಿದ್ರಾ?" ಶಹಲಾಳ ಬಾಯಲ್ಲಿ ತುತ್ತು ಹಾಗೇ ಇತ್ತು.

"ಪಕ್ಕದಲ್ಲೇ ಡಾಕ್ಟ್ರು ಇರುವಾಗ ಆಂಬುಲೆನ್ಸ್ ಯಾಕೆ ಮಾರಾಯ್ತಿ? ನೀನು ಓದ್ತಾ ಇದ್ದಿ ಅಂತ ಇಷ್ಟು ಹೊತ್ತು ಕಾದೆವು."

ಅವರ ಮನೆಯ ಸೋಫಾದ ಮೇಲೆ ಒರಗಿದ್ದ ಅವರ ಗಂಡ ಬೀರಾನಾಕನ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮುಖ ಬೂದಿಬಣ್ಣವಾಗಿತ್ತು. ಶಹಲಾ ಅರಬಿಯಲ್ಲಿ ಫೋನ್ ಮಾಡಿ ವಿಳಾಸ ಹೇಳಿದಳು. ಆಂಬುಲೆನ್ಸ್ ಬಂದಾಗ ಜೈನಬಕ್ಕ ಅವಳ ತೋಳು ಬಿಡಲೇ ಇಲ್ಲ.

"ನೀನು ಪರೀಕ್ಷೆಗೆ ಹೋಗು, ನಾನು ಇವರ ಜೊತೆ ಹೋಗ್ತೇನೆ" ಎಂದೆ.

"ಅಲ್ಲಿ ಕೇಳುದಕ್ಕೆಲ್ಲ ಅರಬಿಯಲ್ಲಿ ಹೇಳ್ಬೇಕು ಉಮ್ಮ. 'ಯಲ್ಲಾ', 'ಖಲಾಸ್' ಬಿಟ್ಟು ನಿಮಗಿಬ್ಬರಿಗೂ ಎಂತ ಬರ್ತದೆ?"

ಹಾಗೆಂದು ಆಂಬುಲೆನ್ಸ್ ಹತ್ತಿದಳು. ಬೀರಾನಾಕ ಉಳಿದರು. ಪರೀಕ್ಷೆ ಹೋಯಿತು.

ಕಾಲೇಜಿನವರು ಪೂರ್ತಿ ಕಲ್ಲುಮನಸ್ಸಿನವರೇನಲ್ಲ. ರೋಗಿಯ ಜೊತೆ ಬಂದಿದ್ದಳೆಂದು ಆಸ್ಪತ್ರೆಯಿಂದ ಬರೆಸಿ, ರೋಗಿಯ ಸಿವಿಲ್ ಐಡಿಯ ಪ್ರತಿ ಸೇರಿಸಿ ವಾರದೊಳಗೆ ಕೊಟ್ಟರೆ ಇನ್ನೊಮ್ಮೆ ಬರೆಯಲು ಬಿಡುತ್ತೇವೆ ಎಂದರು. ಬೀರಾನಾಕ ಮನೆಗೆ ಬಂದ ಸಂಜೆಯೇ ನಾನು ಗಂಜಿ ಹಿಡಿದು ಹೋಗಿ ಕೇಳಿದೆ.

ಅವರು ಗಂಜಿಯ ಬಟ್ಟಲು ಕೆಳಗಿಟ್ಟರು. "ರುಖಿಯಾ, ಐಡಿಯಲ್ಲಿ ನನ್ನ ಇಕಾಮಾ, ಇಲ್ಲಿರುವ ಪರ್ಮಿಟ್ಟು, ಮೀನಾ ಅಬ್ದುಲ್ಲಾ ಕಡೆಯ ಕಂಪೆನಿಯದ್ದು. ಕೆಲಸ ಮಾಡುದು ಶುವೈಖಿನ ಗ್ಯಾರೇಜಿನಲ್ಲಿ. ಗೊತ್ತಾದ್ರೆ ಸೀದಾ ಊರಿಗೆ ಕಳಿಸ್ತಾರೆ."

"ಕಾಲೇಜಿನವರಿಗೆ ನಿಮಗೆ ಪರ್ಮಿಟ್ಟು ಕೊಟ್ಟ ಕಫೀಲ್ ಯಾರಾದರೆ ಎಂತ ಬೀರಾನಾಕ?"

"ಒಂದು ಸಲ ಕೊಟ್ಟ ಕಾಗದ ಎಲ್ಲೆಲ್ಲಿಗೆ ಹೋಗ್ತದೆ ಯಾರಿಗೆ ಗೊತ್ತು? ಅವಳು ಸಣ್ಣ ಪ್ರಾಯ. ಬರುವ ವರ್ಷ ಬರೆದರಾಯ್ತು."

ಬರುವ ವರ್ಷವೆಂಬುದು ಇಲ್ಲ ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಜೈನಬಕ್ಕ ಸೆರಗು ಸರಿಮಾಡಿಕೊಳ್ಳುತ್ತಾ, "ಪಾಪ, ಅವರನ್ನು ಈಗ ಹೆಚ್ಚು ಮಾತಾಡಿಸಬಾರದಂತೆ" ಎಂದರು.

ಮನೆಗೆ ಬಂದು ಶಹಲಾಳಿಗೆ ಹೇಳಿದೆ: "ಅವರ ಐಡಿಯ ಫೋಟೋ ನಿನ್ನ ಫೋನಿನಲ್ಲೇ ಉಂಟಲ್ಲ, ಆಸ್ಪತ್ರೆಯಲ್ಲಿ ತೆಗೆದದ್ದು. ಕೊಟ್ಟುಬಿಡು. ಅವರನ್ನು ಕೇಳುದು ಬೇಡ."

"ಅಳಿಸಿದೆ ಉಮ್ಮ."

"ಅಳಿಸಿದ್ಯಾ? ಯಾಕೆ?"

"ನಾನೂ ಆಸ್ಪತ್ರೆಯಲ್ಲೇ ಕೇಳಿದ್ದೆ, ಬೇಡ ಅಂದ್ರು. ರೋಗಿ ಬೇಡ ಅಂದಮೇಲೆ ಇಟ್ಟುಕೊಳ್ಳಬಾರದು. ಅದು ಮೊದಲು ಕಲಿಸಿದ ಪಾಠ."

"ಅವರು ನಿನ್ನ ರೋಗಿಯಾ? ನೀನು ಅವರ ಡಾಕ್ಟ್ರಾ?"



ಕಾಲೇಜು ಕೊಟ್ಟ ವಾರ ಮುಗಿದ ದಿನ ಅವಳು ಹಾಸಿಗೆಯಲ್ಲೇ ಇರುತ್ತಾಳೆ ಎಂದುಕೊಂಡಿದ್ದೆ. ಎದ್ದು ಅಡುಗೆಮನೆಗೆ ಬಂದು, ಎಂತಾದರೂ ಕೆಲಸ ಕೊಡಿ ಎಂದಳು. ಈರುಳ್ಳಿ ಕೊಟ್ಟೆ. ಅಳುವುದಿದ್ದರೆ ಅತ್ತುಕೊಳ್ಳಲಿ ಎಂದು. ಅವಳು ಅಳಲಿಲ್ಲ, ಒಂದೇ ಅಳತೆಗೆ ಹೆಚ್ಚಿದಳು.

ಹೊರಗೆ ಲಿಫ್ಟು ನಿಂತ ಸದ್ದು. ಅರೆತೆರೆದ ಬಾಗಿಲಿನಿಂದ ಬೀರಾನಾಕ ಕಂಡರು. ದೊಡ್ಡ ನೀರಿನ ಕ್ಯಾನು ಎತ್ತಲು ಬಗ್ಗಿದ್ದರು. ಶಹಲಾಳೂ ನೋಡಿದಳು.

"ಅವರು ಈಗಲೇ ಭಾರ ಎತ್ತಬಾರದು ಉಮ್ಮ. ಹೇಳಿ."

ನಾನು ಒಲೆಯ ಉರಿ ಸಣ್ಣ ಮಾಡಿದೆ. ಹೇಳಲು ಹೋಗಲಿಲ್ಲ.

ಅವಳೇ ಕೈ ತೊಳೆದು ಹೋದಳು. "ಬಿಡಿ ಬೀರಾನಾಕ, ನಾನು ತರ್ತೇನೆ" ಎಂದದ್ದು ಕೇಳಿಸಿತು. "ಅಲ್ಲಾಹು ನಿನ್ನನ್ನು ದೊಡ್ಡ ಡಾಕ್ಟ್ರು ಮಾಡ್ಲಿ ಮಗಳೇ" ಎಂದು ಅವರು ಹರಸಿದ್ದೂ ಕೇಳಿಸಿತು.

ನಾನು ತೆಂಗಿನಕಾಯಿ ತೆಗೆದು ತುರಿಯಲು ಕೂತೆ. ಬಿಳಿಯೆಲ್ಲ ಮುಗಿದು ಚಿಪ್ಪಿನ ಕಂದು ಬೆರೆಯತೊಡಗಿದರೂ ಕೈ ನಿಲ್ಲಲಿಲ್ಲ. ಆ ದಿನದ ಸಾರು ಒಗರಾಗಿತ್ತು.