ಮಜ್ಜೆ ಹೊಂದಿದ ತಂಗಿ

ಅಣ್ಣನ ಒಡಹುಟ್ಟಿದವರು ಮೂವರು. ಮಜ್ಜೆ ಹೊಂದಿದ್ದು ಮಾತ್ರ ಕಿರಿಯ ತಂಗಿಯದು. ಹಣೆಬರಹ ನೋಡಿ! ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದುಕೊಂಡು, ಒಂಬತ್ತು ವರ್ಷದಿಂದ ಅಣ್ಣನ ಮುಖವನ್ನೇ ನೋಡದೆ ಬದುಕಿದ್ದವಳ ಮನೆಗೆ ಈಗ ಬಂಧುಬಳಗವೆಲ್ಲ ದಾಳಿಯಿಟ್ಟಿತು. ಸತ್ತೆಯಾ ಬದುಕಿದೆಯಾ ಎಂದು ಕೇಳದ ಚಿಕ್ಕಪ್ಪನೂ ಹಣ್ಣು ಹಿಡಿದು ಬಂದ.

ಅಣ್ಣನ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ಯಾರ್ಯಾರದೋ ರಕ್ತ ಏರಿಸಿ ದಿನ ದೂಡುತ್ತಿದ್ದರು. ತಂಗಿಯ ಮಜ್ಜೆ ಸಿಕ್ಕರೆ ಉಳಿದಾನು, ಇಲ್ಲವೆಂದರೆ ಇಲ್ಲ.

ಡಾಕ್ಟರಮ್ಮ ಬಾಗಿಲು ಮುಚ್ಚಿ ಅವಳಿಗೆ ಹೇಳಿದರು: "ಮನಸ್ಸಿಲ್ಲ ಅಂದ್ರೆ ಇವತ್ತೇ ಹೇಳ್ಬಿಡಿ. ಕೊನೇ ತಪಾಸಣೇಲಿ ನಿಮ್ಮ ಆರೋಗ್ಯ ಸರಿಬರಲಿಲ್ಲ ಅಂತಷ್ಟೇ ಮನೆಯವರಿಗೆ ಹೇಳ್ತೀವಿ. ನಾಳೆ ಅವರ ಮಜ್ಜೇನ ಪೂರ್ತಿ ಸಾಯಿಸೋ ಔಷಧ ಶುರು. ಆಮೇಲೆ ನೀವು ಹಿಂದೆ ಸರಿದ್ರೆ ಅವರು ಉಳಿಯಲ್ಲ."

ಬಿಡುಗಡೆಯ ದಾರಿ ಕಂಡರೆ ಜೀವ ಹಗುರಾಗಬೇಕಲ್ಲವೇ? ಇವಳದು ಇನ್ನೂ ಭಾರವಾಯಿತು. ಇಷ್ಟು ದಿನ ಬಲವಂತ ಮಾಡಿದರೆಂದು ಬಳಗದ ಮೇಲೆ ಗೂಬೆ ಕೂರಿಸಬಹುದಿತ್ತು. ಈಗ ಅಣ್ಣ ಸತ್ತರೆ ಕೊಂದವಳು ತಾನೊಬ್ಬಳೇ, ಅದೂ ಯಾರಿಗೂ ಗೊತ್ತಾಗದಂತೆ.

ಮಾಸ್ಕ್ ಕಟ್ಟಿಕೊಂಡು ಅವನ ಕೋಣೆಗೆ ಹೋದಳು. ಅಯ್ಯೋ, ಗೂಳಿಯಂತಿದ್ದವನು ಹಾಸಿಗೆಗೆ ಅಂಟಿಹೋಗಿದ್ದ, ತೋಳಿನ ತುಂಬ ನೀಲಿ ಕಲೆ. ಒಂಬತ್ತು ವರ್ಷದ ಹಿಂದೆ ಇವಳನ್ನು ಕೋಣೆಗೆ ತಳ್ಳಿ ಹನ್ನೊಂದು ದಿನ ಚಿಲಕ ಹಾಕಿದ್ದು ಇದೇ ತೋಳು. ಇವಳು ಮದುವೆಯಾಗಬೇಕೆಂದಿದ್ದವನು ಕಾದು ಕಾದು ಊರು ಬಿಟ್ಟಿದ್ದ.

"ಕೊಡ್ಬೇಡ," ಅಂದ ಅಣ್ಣ. "ನಿನ್ನಿಂದ ಬದುಕಿದ್ರೆ ಸಾಯೋ ತನಕ ನಿನ್ನೆದುರು ತಲೆ ತಗ್ಗಿಸ್ಬೇಕು. ನನ್ನ ಕೈಲಾಗಲ್ಲ."

ಅವಳ ಮೈ ಉರಿದುಹೋಯಿತು. ಸಾಯುವುದರಲ್ಲೂ ಇವನದೇ ಹಟ, ಇವನದೇ ತೀರ್ಮಾನ!

"ತಗ್ಗಿಸ್ಕೊಂಡೇ ಇರು," ಅಂದಳು. "ನಾನು ಊರವರೆದುರು ಒಂಬತ್ತು ವರ್ಷ ತಲೆ ತಗ್ಗಿಸ್ಕೊಂಡು ಇರ್ಲಿಲ್ವಾ? ಯಾರೂ ಸಾಯಲ್ಲ ಅದರಿಂದ."

ಅಣ್ಣ ಗೋಡೆಗೆ ಮುಖ ತಿರುಗಿಸಿ ಅತ್ತ. ಕೊನೆಗೆ "ಆಯ್ತು" ಅಂದ. ಅವಳು ಅಳಲಿಲ್ಲ, ಕ್ಷಮಿಸಲೂ ಇಲ್ಲ. ಕ್ಷಮಿಸುವಷ್ಟು ದೊಡ್ಡ ಮನಸ್ಸು ಅವಳಿಗೆ ಎಲ್ಲಿಂದ ಬರಬೇಕು?

ಡಾಕ್ಟರಮ್ಮ ಒಪ್ಪಿಗೆ ಪತ್ರ ಮುಂದಿಟ್ಟರು.

"ಯಾರ ಬಲವಂತವೂ ಇಲ್ಲ ತಾನೆ?"

"ಯಾರದ್ದೂ ಇಲ್ಲ ಡಾಕ್ಟ್ರೇ," ಎಂದು ಅವಳು ಪೆನ್ನು ತೆಗೆದುಕೊಂಡಳು. "ಇದ್ದಿದ್ರೆ ತಪ್ಪಿಸ್ಕೊಂಡು ಓಡಿಹೋಗ್ತಿದ್ದೆ."