ತಿಪ್ಪೇಸ್ವಾಮಿಯ ಕರಡಿಗೆ

ಲಿಂಗದ ಬೆಳ್ಳಿ ಕರಡಿಗೆಯ ಮುಚ್ಚಳ ಬಿಗಿದು ಕೂತಿತ್ತು. ತಾರಾ ಅದನ್ನು ಉಗುರಿನಿಂದ ಮೀಟಿದಳು, ಸೆರಗಿನಲ್ಲಿ ಹಿಡಿದು ತಿರುವಿದಳು, ಕೊನೆಗೆ ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟಿದಳು. ಪಕ್ಕದಲ್ಲೇ, ತೆರೆದ ಶವಪೆಟ್ಟಿಗೆಯಲ್ಲಿ, ಅವಳ ಗಂಡ ತಿಪ್ಪೇಸ್ವಾಮಿ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಮಲಗಿದ್ದ. ಪರದೇಶದ ಊರಾದ ಲೋವರ್ ಹಟ್‌ನ ಫ್ಯೂನರಲ್ ಹೋಮಿನ ಹಿಂಬದಿಯ ಕೋಣೆ ಅದು. ಕಿಟಕಿಗೆ ಒರಗಿಸಿಟ್ಟ ಫೋನಿನಲ್ಲಿ, ಚಳ್ಳಕೆರೆಯಿಂದ ಅವನ ಅಣ್ಣ ಗುರುರಾಜ್ ಅಪ್ಪಣೆ ಕೊಡುತ್ತಲೇ ಇದ್ದರು.

“ಕೂರ್ಸಿ ಮಣ್ಣು ಕೊಡೋದು ನಮ್ಮ ಪದ್ಧತಿ. ನಿಮ್ಮಲ್ಲಿ ಮಲಗ್ಸೇ ಇಡ್ತಾರಂತೆ. ಆಗ್ಲಿ, ಅದನ್ನೂ ನುಂಗಿಕೊಂಡೆ. ಲಿಂಗ ಮಾತ್ರ ಎಡಗೈಯಾಗೆ ಇರಬೇಕಮ್ಮ. ನಾನು ಕಣ್ಣಾರೆ ನೋಡಬೇಕು.”

“ಇಡ್ತೀನಿ ಭಾವ.”

ಮುಚ್ಚಳ ಬಿಚ್ಚಿತು. ಒಳಗಿದ್ದದ್ದು ಲಿಂಗವಲ್ಲ, ಒಂದು ಕಪ್ಪು ಕಲ್ಲು. ನದಿ ದಂಡೆಯಲ್ಲಿ ಬೇಕಾದಷ್ಟು ಸಿಗುವಂಥದ್ದು.

“ಭಾವ, ಸಿಗ್ನಲ್ ಹೋಗ್ತಾ ಇದೆ,” ಎಂದು ತಾರಾ ಮ್ಯೂಟ್ ಒತ್ತಿ ಫೋನನ್ನು ಬೋರಲು ಹಾಕಿದಳು.

ಮಗಳು ಸಂಯುಕ್ತಾ ಬಾಗಿಲಲ್ಲಿ ತಲೆ ಹಾಕಿದಳು. ಇಲ್ಲೇ ಹುಟ್ಟಿ ಬೆಳೆದವಳು, ಪಕ್ಕದೂರು ಪೊರಿರುವಾದಲ್ಲಿ ಶಾಲೆಯ ಟೀಚರು. “ಅಮ್ಮಾ, ಪೀಪಲ್ ಆರ್ ವೇಯ್ಟಿಂಗ್. ಹಾಫ್ ಆನ್ ಅವರ್‌ನಲ್ಲಿ ಲಿಡ್ ಕ್ಲೋಸ್ ಮಾಡ್ತಾರಂತೆ.”

“ಲಿಂಗ ಇಲ್ಲ ಕಣೇ.”

ಸಂಯುಕ್ತಾ ಆಸ್ಪತ್ರೆಗೆ ಫೋನ್ ಮಾಡಿದಳು. ವಾಚು, ಕನ್ನಡಕ, ಬೆಳ್ಳಿ ಪೆಂಡೆಂಟು, ಎಲ್ಲ ಕೊಟ್ಟಾಗಿದೆ ಎಂದರು. ಅಪ್ಪನ ಹಳೆಯ ಗೆಳೆಯ ಚಿದಾನಂದನನ್ನು ಕಾರಿನ ಸೀಟಿನಡಿ ನೋಡಿ ಬರಲು ಅಟ್ಟಿದಳು. ತಾರಾ ಚೀಲ ಕೊಡವಿದಳು, ಗಂಡನ ತಲೆದಿಂಬಿನ ಕೆಳಗೆ ಕೈಯಾಡಿಸಿದಳು, ಒಮ್ಮೆ ನೋಡಿದ ಜೇಬನ್ನೇ ಮತ್ತೆ ನೋಡಿದಳು. ಲಿಂಗವಿಲ್ಲದೆ ಮಣ್ಣಿಗಿಡುವುದೆಂದರೆ ಅವಳ ಪಾಲಿಗೆ ಗಂಡನನ್ನು ದಿಕ್ಕಿಲ್ಲದವನ ಹಾಗೆ ಸಾಗಹಾಕುವುದು. ಊರಿನವರ ಮಾತು ಹಾಳಾಗಲಿ, ಅವಳಿಗೇ ಅದು ಆಗದು.

“ದಿನಾ ಬೆಳಗ್ಗೆ ಬೆನ್ನು ತಿರುಗಿಸಿ ಕೂತು ಪೂಜೆ ಮಾಡ್ತಿದ್ರಲ್ಲ, ಈ ಕಲ್ಲಿಗಾ? ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಾ?”

ಅವಳಿಗೆ ಸಿಟ್ಟು ಬಂದಿತ್ತು. ಸತ್ತವನ ಮೇಲೆ ಸಿಟ್ಟು ಬಂದರೆ ಜಗಳವಾಡಿ ತೀರಿಸಿಕೊಳ್ಳುವುದಕ್ಕೂ ದಾರಿಯಿಲ್ಲ. ತಿಪ್ಪೇಸ್ವಾಮಿ ಎಂದಿನಂತೆ ತುಟಿ ಬಿಗಿದುಕೊಂಡೇ ಇದ್ದ.

ಸಂಯುಕ್ತಾ ಕಲ್ಲನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದಳು. “ಅಮ್ಮಾ, ದಿಸ್ ಈಸ್ ಫ್ರಮ್ ದ ರಿವರ್. ಹಟ್ ರಿವರ್,” ಎಂದಳು. ಅವಳಿಗೆ ಇನ್ನೇನೋ ನೆನಪಾಗುತ್ತಿತ್ತು.

* * *

ಚಿದಾನಂದ ತಮಾಷೆ ಮಾಡುತ್ತಿದ್ದ ಹಾಗೆ, ತಿಪ್ಪೇಸ್ವಾಮಿಯದು ಸತ್ತವರ ಹಲ್ಲುಜ್ಜುವ ಕೆಲಸ. ಇಂಗ್ಲೆಂಡಿನಲ್ಲಿ ಅಗೆದ ಆಂಗ್ಲೋ-ಸ್ಯಾಕ್ಸನ್ ಗೋರಿಗಳ ಹಲ್ಲುಗಳು ಹಟ್‌ನ ಲ್ಯಾಬಿಗೆ ಪಾರ್ಸೆಲಿನಲ್ಲಿ ಬರುತ್ತಿದ್ದವು. ಅವನು ತೊಳೆದು, ಚೂರು ಕೊರೆದು, ಮೆಷಿನ್ನಿಗೆ ಹಾಕುತ್ತಿದ್ದ. ಸಾವಿರದೈನೂರು ವರ್ಷದ ಹಿಂದೆ ಆ ಮನುಷ್ಯ ಮಗುವಾಗಿದ್ದಾಗ ಯಾವ ಸೀಮೆಯ ನೀರು ಕುಡಿದಿದ್ದ ಎಂಬುದು ಹಲ್ಲಿನಲ್ಲಿ ಉಳಿದಿರುತ್ತಿತ್ತು. ಸಮುದ್ರದಾಚೆಯ ಶೈಲಿಯ ಬ್ರೋಚು ಚುಚ್ಚಿಕೊಂಡು ಮಲಗಿದವಳ ಹಲ್ಲು, ಅವಳು ಅಲ್ಲೇ ಪಕ್ಕದ ಹಳ್ಳಿಯವಳು ಎನ್ನುತ್ತಿತ್ತು. ಊರವರ ಹಾಗೆಯೇ ಉಟ್ಟು ಮಲಗಿದವನ ಹಲ್ಲು ಎಲ್ಲಿಂದಲೋ ಬಂದವನದಾಗಿರುತ್ತಿತ್ತು.

“ನನ್ನ ಹಲ್ಲಿಗೆ ಮೆಷಿನ್ನೇ ಬೇಡ,” ಎನ್ನುತ್ತಿದ್ದ ತಿಪ್ಪೇಸ್ವಾಮಿ. ಚಳ್ಳಕೆರೆ ಕಡೆಯ ಬೋರ್‌ವೆಲ್ ನೀರು ಅವನ ಹಲ್ಲಿಗೆ ಕಂದು ಕಲೆ ಹಿಡಿಸಿತ್ತು. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ.

ಒಂದು ರಜಾದಿನ ಸಂಯುಕ್ತಾ ಲ್ಯಾಬಿಗೆ ಹೋಗಿದ್ದಳು. ಆಗ ಇನ್ನೂ ಶಾಲೆಯ ಹುಡುಗಿ. ಮೇಜಿನ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕದೊಂದು ಹಲ್ಲು, ಪಕ್ಕದಲ್ಲಿ ಆ ಗೋರಿಯ ಫೋಟೋ. ಪುಟ್ಟ ಮೂಳೆಗಳ ನಡುವೆ ದೊಡ್ಡವರ ಬೆಲ್ಟಿನ ಬಕ್ಕಲ್ ಇತ್ತು.

“ದೊಡ್ಡ ಮನೆತನದ ಮಗು ಇರಬೇಕು ಅಂತ ಅಲ್ಲಿನವರು ಬರ್ದಿದಾರೆ,” ಎಂದ ತಿಪ್ಪೇಸ್ವಾಮಿ. “ಆ ಬಕ್ಕಲ್ ನೋಡು, ಎಷ್ಟು ಸವೆದೈತೆ. ಅವರಪ್ಪಂದು. ಮಗೂಗೆ ಅಂತ ಏನೂ ಮಾಡ್ಸಿರಲಿಲ್ಲ, ಅಷ್ಟರಾಗೆ ಹೋಗಿಬಿಡ್ತು. ಬರಿಗೈಯಾಗೆ ಹೆಂಗೆ ಕಳಿಸ್ತಾನೆ? ಸೊಂಟದಿಂದ ಬಿಚ್ಚಿ ಕೊಟ್ಟ.”

“ದೆನ್ ವಾಟ್ ಹೆಲ್ಡ್ ಹಿಸ್ ಪ್ಯಾಂಟ್ಸ್ ಅಪ್, ಅಪ್ಪ?”

ತಿಪ್ಪೇಸ್ವಾಮಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಆಮೇಲೆ ಆ ಕೈ ಎದೆಗೆ ಇಳಿದು, ಅಂಗಿಯೊಳಗಿನ ಕರಡಿಗೆಯನ್ನು ಮುಟ್ಟಿ ಅಲ್ಲೇ ನಿಂತಿತು.

“ಕೈಗೆ ಸಿಕ್ಕಿದ್ದೊಂದು ಹಗ್ಗ ಕಟ್ಕೊಂಡಿರ್ತಾನೆ ಬಿಡು. ಮೇಲೆ ಅಂಗಿ ಇರುತ್ತಲ್ಲ, ಯಾರಿಗೆ ಕಾಣುತ್ತೆ?”

* * *

ಚಿದಾನಂದ ಬರಿಗೈಯಲ್ಲಿ ವಾಪಸು ಬಂದ. “ಕಾರಲ್ಲೂ ಇಲ್ಲ ತಾರಾ. ಏನು ಅಂತ ಹುಡುಕಲಿ? ಕರಡಿಗೆ ನಿಮ್ಮ ಹತ್ರಾನೇ ಇದೆಯಲ್ಲ?”

ಸಂಯುಕ್ತಾ ಅಂಗೈ ಚಾಚಿ ಕಲ್ಲು ತೋರಿಸಿದಳು. ಚಿದಾನಂದ ಅದನ್ನು ನೋಡಿದವನೇ ಪಕ್ಕದ ಕುರ್ಚಿಯಲ್ಲಿ ಕೂತ.

“ಅಂಕಲ್, ಪಾಪು ಬರಿಯಲ್ ದಿನ ನೀವು ಅಪ್ಪನ ಜೊತೆ ಇದ್ರಾ?”

ಸಂಯುಕ್ತಾ ಹುಟ್ಟುವ ಮುಂಚೆ ಒಂದು ಗಂಡುಮಗು ಹುಟ್ಟಿತ್ತು. ಎರಡೇ ದಿನ ಇದ್ದು ಹೋಯಿತು. ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದ ತಾರಾ ಮಗುವನ್ನು ಮಣ್ಣು ಮಾಡಿದ್ದನ್ನು ನೋಡಲಿಲ್ಲ. ಇವತ್ತು ತಿಪ್ಪೇಸ್ವಾಮಿಗೆ ತೋಡಿದ್ದ ಗುಂಡಿ ಆ ಮಗುವಿನ ಪಕ್ಕದಲ್ಲೇ.

“ನಾನೊಬ್ಬನೇ ಇದ್ದದ್ದು,” ಎಂದ ಚಿದಾನಂದ. “ಮಗೂಗೆ ಲಿಂಗ ಊರಿಂದ ಬರಬೇಕಾಗಿತ್ತು, ಬಂದಿರಲಿಲ್ಲ. ಇವನು ಪೆಟ್ಟಿಗೆ ಮುಂದೆ ಸುಮ್ಮನೆ ನಿಂತಿದ್ದ. ಆಮೇಲೆ ತನ್ನ ಲಿಂಗಾನೇ ತೆಗೆದು ಮಗು ಕೈಗಿಟ್ಟ. ಆ ಕೈ ಅಷ್ಟು ಚಿಕ್ಕದು, ಬೆರಳು ಸುತ್ತಲೂ ಬರಲಿಲ್ಲ.”

ತಾರಾ ಮೇಜಿನ ಮೇಲಿದ್ದ ಖಾಲಿ ಕರಡಿಗೆಯತ್ತ ನೋಡಿದಳು.

“ವಾಪಸ್ ಬರ್ತಾ ನದಿ ಹತ್ರ ಕಾರು ನಿಲ್ಸು ಅಂದ. ಕೈ ತೊಳೆಯೋಕೆ ಹೋದವನು ಈ ಕಲ್ಲು ತಂದ. ಖಾಲಿ ಕರಡಿಗೆ ಹಗುರ ಆಗಿದೆ, ತಾರಾಗೆ ಗೊತ್ತಾಗಿಬಿಡುತ್ತೆ ಅಂದ. ಬೇರೆ ಲಿಂಗ ತರಿಸ್ಕೋ ಮಾರಾಯಾ ಅಂತ ಎಷ್ಟು ಸಲ ಹೇಳಿದೆ. ಊರಿಗೆ ಹೋದಾಗಲೂ ತರಲಿಲ್ಲ.”

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀವು ನಿಮ್ಮದನ್ನ ಬಿಚ್ಚಿ ಕೊಟ್ಟುಬಿಡ್ತೀರ ಅಂತಿದ್ದ.”

ತಾರಾಳ ಕೈ ಆಗಲೇ ಕೊರಳಿಗೆ ಹೋಗಿತ್ತು. ತನ್ನ ಲಿಂಗದ ಶಿವದಾರದ ಗಂಟನ್ನು ಅವಳು ಬಿಚ್ಚತೊಡಗಿದ್ದಳು. ಗಂಟು ಸಡಿಲವಾಗಲಿಲ್ಲ. ಬೋರಲು ಬಿದ್ದ ಫೋನಿನಿಂದ ಗುರುರಾಜ್, “ಏನಮ್ಮಾ, ಇಟ್ಟೆಯೇನು? ಕಾಣವಲ್ದು!” ಎಂದು ಕೂಗುತ್ತಿದ್ದರು. ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು.

“ಅಮ್ಮಾ, ಲುಕ್,” ಎಂದು ಸಂಯುಕ್ತಾ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಲ್ಲಿನ ನಡುವೆ ಕೂದಲೆಳೆಯಷ್ಟು ಸಣ್ಣ ಬಿರುಕಿತ್ತು. ದಿನವೂ ಹಚ್ಚಿದ ವಿಭೂತಿ ಅದರೊಳಗೆ ಕೂತು ಗಟ್ಟಿಯಾಗಿ, ಬೆಳ್ಳಗೆ ಒಂದು ಗೆರೆಯಾಗಿತ್ತು.

ತಾರಾ ಅದನ್ನು ಈಸಿಕೊಂಡಳು. ತುಂಬ ಹೊತ್ತು ನೋಡಿದಳು. ಕೊರಳಿನ ಗಂಟನ್ನು ಹಾಗೇ ಬಿಟ್ಟಳು. ಆಮೇಲೆ ಕಲ್ಲಿಗೆ ವಿಭೂತಿ ಹಚ್ಚಿ, ಕಣ್ಣಿಗೊತ್ತಿಕೊಂಡು, ಗಂಡನ ಎಡಗೈಯಲ್ಲಿಟ್ಟಳು.

“ಫೋನ್ ತಾರೇ.”

ಸಂಯುಕ್ತಾ ಮ್ಯೂಟ್ ತೆಗೆದು ಫೋನನ್ನು ಆ ಕೈಯ ಹತ್ತಿರ ಹಿಡಿದಳು. ಗುರುರಾಜ್ ಕನ್ನಡಕ ಏರಿಸಿ, ಮುಖವನ್ನು ಪರದೆಗೆ ತಂದು ನೋಡಿದರು.

“ಎಷ್ಟು ನುಣುಪಾಗೈತೆ ನೋಡಮ್ಮ,” ಎಂದರು. “ಒಂದು ದಿನಾನೂ ಪೂಜೆ ಬಿಟ್ಟಿಲ್ಲ ನನ್ನ ತಮ್ಮ.”

“ಬಿಟ್ಟಿಲ್ಲ ಭಾವ,” ಎಂದಳು ತಾರಾ.

ಚಳ್ಳಕೆರೆಯಲ್ಲಿ ಗುರುರಾಜ್ ಎರಡೂ ಕೈ ಮುಗಿದರು. ಇಲ್ಲಿ ತಾರಾ ಗಂಡನ ಬೆರಳುಗಳನ್ನು ಒಂದೊಂದಾಗಿ ಕಲ್ಲಿನ ಸುತ್ತ ಮಡಿಸಿದಳು. ಬೆರಳುಗಳು ಸುತ್ತಲೂ ಬಂದವು. ಕಿರುಬೆರಳೊಂದು ಮಾತ್ರ ಮಡಿಸಿದಷ್ಟೂ ಬಿಚ್ಚಿಕೊಂಡು, ಪಕ್ಕದಲ್ಲಿ ಯಾರೋ ಹಿಡಿದುಕೊಳ್ಳಲಿ ಎಂಬಂತೆ ಚಾಚಿಕೊಂಡೇ ಇತ್ತು.