ಮೋರರ ಕಾಲದ ಇಟ್ಟಿಗೆ

ವಾಲೆ ದ ಸಾರ್ಸಾ ಊರಿನಲ್ಲಿ ಹಳೆಯದೆಲ್ಲ, ಹಿಂದೊಮ್ಮೆ ಕಡಲಾಚೆಯಿಂದ ಬಂದು ಆ ನಾಡನ್ನಾಳಿದ ಮೋರರ ಕಾಲದ್ದು. ಬಿದ್ದ ಗೋಡೆ ಮೋರರದ್ದು, ಬತ್ತಿದ ಬಾವಿ ಮೋರರದ್ದು, ಪಾದ್ರಿಯ ಕೊಡೆಯೂ ಮೋರರದ್ದೇ ಎಂದು ನಗುವವರಿದ್ದರು. ಹೊಲದ ನಡುವೆ ಅಗೆಯಲು ಬಂದ ಪುರಾತತ್ವ ಪಂಡಿತೆ ಮಾಫಾಲ್ದಾ, "ಅಲ್ರೀ, ಇದು ರೋಮನ್ ಸಾಹುಕಾರನ ತೋಟದ ಮನೆ. ಮೋರರು ಬರೋ ಹೊತ್ತಿಗೆ ಇದು ಬಿದ್ದುಹೋಗಿ ಎಷ್ಟೋ ಕಾಲ ಆಗಿತ್ತು" ಎಂದು ಮೂರು ಬೇಸಿಗೆಯಿಂದ ಹೇಳಿ ಹೇಳಿ ಸೋತಿದ್ದಳು. ಊರವರು ತಲೆಯಾಡಿಸಿ, "ಹೌದು ಡಾಕ್ಟ್ರಮ್ಮ, ಪಾಪದ ಮೋರರು" ಎನ್ನುತ್ತಿದ್ದರು. ಒಬ್ಬರಿಗೂ ಸೂಜಿ ಚುಚ್ಚದೆ ಡಾಕ್ಟ್ರಮ್ಮ ಎನ್ನಿಸಿಕೊಂಡವಳು ಅವಳೊಬ್ಬಳೇ.

ಅಲ್ಲಿ ಕುಸ್ತೋದಿಯಾಳ ಕೆಲಸ ನೆಲದಿಂದ ಎತ್ತಿದ ಚೂರುಗಳನ್ನು ತೊಳೆಯುವುದು. ಒಂದು ಬೋಗುಣಿ ನೀರು, ಹಲ್ಲುಜ್ಜುವ ಬ್ರಷ್ಷು, ಮೇಲೆ ಕಾರ್ಕ್ ಮರದ ನೆರಳು. ಅರವತ್ತರ ಹೊಸ್ತಿಲಲ್ಲಿರುವ ಹೆಂಗಸಿಗೆ ಇದಕ್ಕಿಂತ ಸುಖದ ಕೂಲಿ ಎಲ್ಲಿ ಸಿಗಬೇಕು!

ಆ ಬುಧವಾರ ತೋಟದ ಮನೆಯ ಅವಶೇಷದ ಮೇಲಿದ್ದ ಹಳೆಯ ಕಣವನ್ನು ಕಿತ್ತರು. ಜಮೀನ್ದಾರರು ಗೋಧಿ ಬಡಿಯಲು ಪಾಳುಗೋಡೆಯ ಇಟ್ಟಿಗೆಗಳನ್ನು ಆಯ್ದು ಹಾಸಿದ್ದ ಕಣ ಅದು. ಕಿತ್ತ ಇಟ್ಟಿಗೆಗಳಲ್ಲೊಂದನ್ನು ಕುಸ್ತೋದಿಯಾ ನೀರಿಗಿಳಿಸಿ ಉಜ್ಜಿದಳು. ಮೊದಲು ಹಿಮ್ಮಡಿ ಕಂಡಿತು, ಆಮೇಲೆ ಬೆರಳುಗಳು. ಮಗುವಿನ ಎಡಪಾದ. ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕುಳಿತಿತ್ತು.

ಆ ಬೆರಳನ್ನು ಅವಳು ನಾಲ್ಕು ವರ್ಷ ದಿನಾ ಆಲಿವ್ ಎಣ್ಣೆ ಹಚ್ಚಿ ನೀವಿದ್ದಳು. ಅದು ನೆಟ್ಟಗಾಗಲೇ ಇಲ್ಲ.

ಮಗಳ ಹೆಸರು ಫೆಲಿಸ್ಮೀನಾ, ಮನೆಯಲ್ಲಿ ಮೀನಾ. ಗಂಡ ಅಬೀಲಿಯೊ ಆಗ ಹಳ್ಳದ ದಂಡೆಯಲ್ಲಿ ಇಟ್ಟಿಗೆ ಕುಯ್ಯುತ್ತಿದ್ದ. ಒಣಹಾಕಿದ ಹಸಿ ಇಟ್ಟಿಗೆಯ ಮೇಲೆ ಮಗು ಕಾಲಿಟ್ಟು ಓಡಿದಾಗ, ಗಂಡನ ಶ್ರಮ ಹಾಳಾಯಿತೆಂದು ಕುಸ್ತೋದಿಯಾ ಕೆನ್ನೆಗೆ ಒಂದು ಕೊಟ್ಟಿದ್ದಳು. "ಇರ್ಲಿ ಬಿಡೇ, ನೆಲಕ್ಕೆ ತಾನೇ" ಎಂದು ಅವನು ಅದನ್ನೂ ಸುಟ್ಟ. ಮೂರು ವಾರಕ್ಕೆ ಜ್ವರ ಬಂದು ಮಗು ಹೋಯಿತು. ಮಗುವಿನ ಒಂದು ಫೋಟೋ ಕೂಡ ಇರಲಿಲ್ಲ. ಇಟ್ಟಿಗೆಯ ನೆನಪಾಗುವ ಹೊತ್ತಿಗೆ ಗೂಡು ಖಾಲಿಯಾಗಿ, ಗಾಡಿಗಳು ಹತ್ತು ಕಡೆ ಹೋಗಿದ್ದವು. ಅಬೀಲಿಯೊ ಕೊಂಡವರ ಅಂಗಳ ಅಂಗಳಕ್ಕೂ ಹೋಗಿ ತಲೆ ತಗ್ಗಿಸಿಕೊಂಡು ಅಲೆದ. ಪಾಳುಗೋಡೆಯ ಇಟ್ಟಿಗೆ ಸಾಲದೆ ಜಮೀನ್ದಾರರೂ ಅವನಿಂದ ಒಂದು ಗಾಡಿ ಕೊಂಡಿದ್ದರಿಂದ ಕಣಕ್ಕೂ ಹೋಗಿದ್ದ. ಆದರೆ ಯಾರೋ ಗಾರೆಯವನು ಗುರುತಿದ್ದ ಮಗ್ಗುಲನ್ನೇ ಕೆಳಗೆ ಮಾಡಿ ಹಾಸಿಬಿಟ್ಟಿದ್ದ. ಆಮೇಲೆ ಆ ಮನೆಯಲ್ಲಿ ಮಗುವಿನ ಹೆಸರೆತ್ತುವುದು ನಿಂತೇ ಹೋಯಿತು.

ಕುಸ್ತೋದಿಯಾ ಬಾಯಿ ತೆರೆಯುವ ಮೊದಲೇ ಮಾಫಾಲ್ದಾ ನೋಡಿ ಕಿರುಚಿಕೊಂಡಳು. "ರೋಮನ್ ಮಗು! ಸಾವಿರದ ಏಳುನೂರು ವರ್ಷ! ಅಯ್ಯೋ ಮುದ್ದೇ, ನೋಡ್ರೋ ಬೆರಳು!" ಅಗೆಯುವ ಕೆಲಸದ ಹುಡುಗಿಯರೆಲ್ಲ ಸುತ್ತ ನೆರೆದು ಮುದ್ದು ಮುದ್ದು ಎಂದರು. ಕುಸ್ತೋದಿಯಾ ಇಟ್ಟಿಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ತನ್ನ ಮಗಳನ್ನು ಯಾರಾದರೂ ಮುದ್ದು ಎಂದು ಮೂವತ್ತೈದು ವರ್ಷವಾಗಿತ್ತು. ಇನ್ನೊಂದು ಸಲ ಕೇಳೋಣ ಎನ್ನಿಸಿತು.

ಶನಿವಾರ ಇಟ್ಟಿಗೆ ಲಿಸ್ಬನ್ನಿನ ಮ್ಯೂಸಿಯಂಗೆ ಹೋಗುವುದಿತ್ತು. ಶುಕ್ರವಾರ ಅದನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗಿಳಿಸುವುದನ್ನು ಕಂಡಾಗ ಅವಳಿಗೆ ತಡೆಯಲಾಗಲಿಲ್ಲ. ಮಗಳನ್ನು ಪೆಟ್ಟಿಗೆಗೆ ಇಳಿಸಿದ್ದನ್ನು ಒಮ್ಮೆ ನೋಡಿದ್ದು ಸಾಕಾಗಿತ್ತು.

"ಡಾಕ್ಟ್ರಮ್ಮ, ಅದು ರೋಮನ್ನರದ್ದಲ್ಲ."

"ಮತ್ತೆ ಶುರುವಾಯ್ತಾ ಚಿಕ್ಕಮ್ಮ? ಮೋರರದ್ದಾ?"

ಎಲ್ಲರೂ ಗೊಳ್ಳೆಂದು ನಕ್ಕರು.

"ಅಲ್ಲ," ಎಂದಳು ಕುಸ್ತೋದಿಯಾ. "ನಂದು."

ಯಾರೂ ನಂಬಲಿಲ್ಲ. ಬಿಸಿಲು ತಲೆಗೇರಿರಬೇಕು ಎಂದು ನೀರು ಕೊಟ್ಟರು. ಅವಳು ನೀರನ್ನು ಅಲ್ಲೇ ಇಟ್ಟು ಮನೆಗೆ ನಡೆದಳು. ಅಬೀಲಿಯೊ ಊಟಕ್ಕೆ ಬ್ರೆಡ್ಡು ಕೊಯ್ಯುತ್ತಿದ್ದ. "ಮೀನಾಳ ಕಾಲು ಸಿಕ್ತು" ಎಂದಳು. ಅವನು ಚಾಕು ಮಡಚಿ ಜೇಬಿಗಿಟ್ಟು, ಟೋಪಿ ಎತ್ತಿಕೊಂಡು ಹೊರಟ.

ಅಗೆತದ ಜಾಗದಲ್ಲಿ ಪೆಟ್ಟಿಗೆ ಬಿಚ್ಚಿದಾಗ ಅವನು ಪಾದವನ್ನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಇಟ್ಟಿಗೆಯ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದ.

"ನನ್ನ ಅಚ್ಚಿನ ಮೂಲೇಲಿ ಒಂದು ಚಕ್ಕೆ ಎದ್ದುಹೋಗಿತ್ತು, ಡಾಕ್ಟ್ರಮ್ಮ. ಎಲ್ಲಾ ಇಟ್ಟಿಗೆಗೂ ಈ ಗಂಟು ಬರ್ತಿತ್ತು. ನಂಬಿಕೆ ಇಲ್ದಿದ್ರೆ ಬನ್ನಿ, ನಮ್ಮ ಒಲೆ ನೋಡಿ."

ಹಿತ್ತಲಲ್ಲಿ ಬ್ರೆಡ್ ಸುಡುವ ಒಲೆಯ ಮುಂದೆ ಮಾಫಾಲ್ದಾ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಇಟ್ಟಿಗೆಯ ಮೂಲೆ ಮುಟ್ಟಿ ನೋಡಿದಳು. ಎಲ್ಲದರಲ್ಲೂ ಅದೇ ಗಂಟು. ಮಸಿ ಹಿಡಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಅಲ್ಲೇ ನೆಲಕ್ಕೆ ಕುಸಿದಳು. ಊರಿಗೆಲ್ಲ ಡಂಗುರ ಹೊಡೆದಾಗಿತ್ತು, ಪತ್ರಿಕೆಯವರಿಗೆ ಫೋಟೋ ಕೊಟ್ಟಾಗಿತ್ತು.

"ನಾಳೆ ಲಿಸ್ಬನ್ನಲ್ಲಿ ಏನಂತ ಹೇಳ್ಲಿ?"

"ಅಬೀಲಿಯೊನ ಇಟ್ಟಿಗೆ ರೋಮನ್ನರದ್ದಕ್ಕೆ ಏನೂ ಕಮ್ಮಿ ಇಲ್ಲ ಅಂತ ಹೇಳಿ," ಎಂದ ಅವನು.

ಮಾಫಾಲ್ದಾ ನಗಲು ಹೋಗಿ ಅತ್ತಳು. ಎದ್ದು ಹೋಗಿ, ಹತ್ತಿಯ ಸಮೇತ ಇಟ್ಟಿಗೆಯನ್ನು ತಂದು ಕುಸ್ತೋದಿಯಾಳ ತೋಳಿಗೆ ಕೊಟ್ಟಳು. "ಸುಮ್ನೆ ನಕ್ಬಿಟ್ಟೆ ಚಿಕ್ಕಮ್ಮ, ತಪ್ಪಾಯ್ತು. ಹೆಸರೇನು ಮಗೂದು?"

ಕುಸ್ತೋದಿಯಾ ಗಂಡನ ಮುಖ ನೋಡಿದಳು. ಹೆಸರು ಹೇಳಿದವನು ಅವನು.

ಸಂಜೆ ಅವನು ಬಾಗಿಲ ಒಳಗಡೆ ನೆಲದಿಂದ ಸವೆದ ಇಟ್ಟಿಗೆಯೊಂದನ್ನು ಮೀಟಿ ತೆಗೆದ. ಸುಣ್ಣದ ಗಾರೆ ಕಲಸಿ ಹರವಿದ. ಪಾದದ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿ ನೋಡುತ್ತ ಕುಳಿತ.

"ಏನ್ ನೋಡ್ತಾ ಇದ್ದೀರಿ? ಗಾರೆ ಗಟ್ಟಿಯಾಗತ್ತೆ."

"ಕಾಲು ಯಾವ ಕಡೆಗೆ ಮುಖ ಮಾಡಿ ಕೂರಿಸ್ಲೇ?"

"ಅದನ್ನೂ ಕೇಳ್ಬೇಕಾ?" ಎಂದಳು ಕುಸ್ತೋದಿಯಾ. "ಒಳಗಡೆಗೆ."